ಊಟದಕ್ಕನ ಒಪ್ಪಂದ

ಅವಳಿಗೆ ಊಟದಕ್ಕ ಎಂದು ಹೆಸರಿಟ್ಟವನು ನಾನೇ. ಇಡೀ ಪ್ರಯೋಗಾಲಯದಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದ್ದುದು ಅವಳ ಕೋಣೆಯ ಜೀವಗಳಿಗೆ ಮಾತ್ರ. ಉಳಿದವರಿಗೆಲ್ಲ ಕ್ಯಾಂಟೀನಿನ ಒಣ ಬ್ರೆಡ್ಡೇ ಗತಿ. ಅವಳೂ ಸುಮ್ಮನೆ ಬಿಡುವ ಪೈಕಿಯಲ್ಲ, ಮರುದಿನವೇ ನನಗೆ ತಕ್ಕಡಿ ಎಂದು ಹೆಸರಿಟ್ಟಳು. ನಮ್ಮಿಬ್ಬರ ಕೋಣೆಗಳ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಅವಳು ಬೆಳೆಸಿದ ಕೋಶಗಳನ್ನು ಆ ಕಿಟಕಿಯಿಂದ ಈಚೆ ಕೊಡುವುದು, ಅವುಗಳ ಒಳಗೆ ಏನೇನು ಎಷ್ಟೆಷ್ಟಿದೆ ಎಂದು ನಾನು ಯಂತ್ರದಲ್ಲಿ ಅಳೆಯುವುದು. ನಾನು ಸಿಡುಕನೆಂದು ಎಲ್ಲರೂ ದೂರವೇ ಇರುತ್ತಿದ್ದರು. ಅವಳು ಮಾತ್ರ ನನ್ನ ಸಿಡುಕನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹೀಗೆ 'ಇದ್ದಳು, ಮಾಡಿದಳು' ಎಂದು ಬರೆಯುವುದನ್ನು ನೋಡಿ ಅವಳು ಸತ್ತಳೆಂದುಕೊಳ್ಳಬಾರದು. ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಸತ್ತದ್ದು ಅವಳ ಮಗಳು. ಹೇಗಾಯಿತೆಂದು ಯಾರಾದರೂ ಕೇಳಿದರೆ "ಹಾರ್ಟು" ಎಂದಷ್ಟೇ ಹೇಳಿ ಊಟದಕ್ಕ ಮುಖ ತಿರುಗಿಸುತ್ತಾಳೆ. ನನಗೆ ಅಷ್ಟರಲ್ಲಿ ಮುಗಿಸಲು ಆಗುವುದಿಲ್ಲ.

ಅವಳ ಕೋಣೆಗೆ ಹೋಗಬೇಕಾದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಬೇಕು, ಕೈಗವಸಿಗೆ ಸ್ಪಿರಿಟ್ ಒರೆಸಿಕೊಳ್ಳಬೇಕು, ಸೀನಬಾರದು, ಜೋರಾಗಿ ನಗಲೂಬಾರದು. ಗಾಜಿನ ಪರದೆಯ ಹಿಂದೆ ಶುದ್ಧ ಗಾಳಿ ಸುಯ್ಯೆಂದು ಬೀಸುತ್ತಿರುತ್ತದೆ. ಮೂಲೆಯಲ್ಲಿ ಮೈಬಿಸಿಯಷ್ಟೇ ಬಿಸಿ ಇರುವ ಒಂದು ಕಪಾಟು. ಅದರ ಹಲಗೆಗಳ ಮೇಲೆ ಅಂಗೈಯಗಲದ ಚಪ್ಪಟೆ ಬಾಟಲಿಗಳು ಮಲಗಿರುತ್ತವೆ, ಅವುಗಳ ತಳಕ್ಕೆ ಅಂಟಿಕೊಂಡು ಕೋಶಗಳು ಬದುಕುತ್ತವೆ. ಯಾವುದೋ ಮನುಷ್ಯನ ಮೈಯಿಂದ ಎಂದೋ ತೆಗೆದ ಕೋಶಗಳು. ಆ ಮನುಷ್ಯ ಸತ್ತು ಮಣ್ಣಾದರೂ ಇವು ಉಣ್ಣುತ್ತಲೇ ಇವೆ. ಅವುಗಳ ಊಟವೆಂದರೆ ಒಂದು ಗುಲಾಬಿ ಬಣ್ಣದ ದ್ರವ. ಅದರಲ್ಲಿ ಸಕ್ಕರೆ, ಲವಣ, ವಿಟಮಿನ್ನು, ಎಲ್ಲಕ್ಕಿಂತ ಮುಖ್ಯವಾಗಿ ಅಮೈನೊ ಆಮ್ಲಗಳು ಇರುತ್ತವೆ. ಪ್ರೋಟೀನು ಗೋಡೆಯಾದರೆ ಅಮೈನೊ ಆಮ್ಲ ಇಟ್ಟಿಗೆ. ಕೋಶಗಳು ಉಂಡು ಮುಗಿಸುತ್ತಾ ಬಂದಂತೆ ಗುಲಾಬಿ ದ್ರವ ಹುಳಿಯಾಗಿ ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ಊಟದಕ್ಕನಿಗೆ ಕರುಳು ಚುರುಕ್ಕೆನ್ನುತ್ತಿತ್ತು.

"ಅಯ್ಯೋ, ಹಸಿದುಬಿಟ್ಟಿವೆ ನೋಡು ತಕ್ಕಡಿ," ಎಂದು ಕಿಟಕಿಯಿಂದ ಕೂಗುತ್ತಿದ್ದಳು.

"ಹಸಿದಿರೋನು ಇಲ್ಲೊಬ್ಬ ಇದೀನಿ, ನನ್ನ ಯಾರು ಕೇಳ್ತಾರೆ?"

"ನೀನು ಹಳದಿಗೆ ತಿರುಗು, ಆಮೇಲೆ ನೋಡೋಣ."

ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಹಾಗಾಗಿ ಅವಳಿಗೂ ಭಾನುವಾರವಿರಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು, ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಕೊಂಡರೂ ಎದ್ದು ಓಡಬೇಕಾದವನು. ಮನೆಯಲ್ಲಿದ್ದವಳು ಒಬ್ಬಳೇ ಮಗಳು. ಅವಳಿಗೆ ಮುಚ್ಚಿಟ್ಟ ತಟ್ಟೆಯ ಊಟವೇ ಅಭ್ಯಾಸ. ಬೆಳಿಗ್ಗೆ ಅಮ್ಮ ಮಾಡಿ, ತಟ್ಟೆಗೆ ಬಡಿಸಿ, ಇನ್ನೊಂದು ತಟ್ಟೆ ಕವುಚಿ ಹೋಗುವಳು. ಶಾಲೆಯಿಂದ ಬಂದ ಹುಡುಗಿ ತಟ್ಟೆ ಎತ್ತಿ ಆರಿದ್ದನ್ನು ತಿನ್ನುವಳು. "ಬಾಟಲಿ ಮಕ್ಕಳಿಗೆ ಬಿಸಿ ಮಾಡಿ ಹಾಕ್ತೀಯ, ನಂಗೆ ತಣ್ಣಗಿರೋದು," ಎಂದು ಮಗಳು ಚಿಕ್ಕವಳಿದ್ದಾಗ ಅಂದದ್ದನ್ನು ಊಟದಕ್ಕ ನಗುತ್ತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಈಗ ಆ ಮಾತನ್ನು ಹೇಳುವುದಿಲ್ಲ.

ಮಗಳನ್ನು ನಾನು ಬಲ್ಲೆ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಕನ್ನಡಕದ ಕಾಲು ಮುರಿದಾಗಲೆಲ್ಲ ಅವಳೇ ಸರಿ ಮಾಡುತ್ತಿದ್ದಳು. "ಅಂಕಲ್, ನಿಮ್ಮ ಮೂಗು ವಕ್ರ, ಕನ್ನಡಕದ್ದೇನೂ ತಪ್ಪಿಲ್ಲ," ಎಂದು ನನ್ನ ಮುಖಕ್ಕೇ ಹೇಳುವಷ್ಟು ಬಾಯಿ. ಇಪ್ಪತ್ತರ ಆಸುಪಾಸಿನಲ್ಲಿ ಅವಳು ಊಟ ಕಡಿಮೆ ಮಾಡಿದಳು. ಮೊದಲು ಸಿಹಿ ಬಿಟ್ಟಳು, ಆಮೇಲೆ ಎಣ್ಣೆ ಬಿಟ್ಟಳು, ಆಮೇಲೆ ಹಸಿವಿಲ್ಲ ಎನ್ನತೊಡಗಿದಳು. ಯಾಕೆಂದು ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಅಂಗಡಿಯಲ್ಲಿ ಯಾರೋ ಏನೋ ಅಂದರಂತೆ, ಒಬ್ಬ ಹುಡುಗ ಬಿಟ್ಟುಹೋದನಂತೆ, ಹೀಗೆ ಆಮೇಲೆ ನೆಂಟರು ನೂರು ಕಥೆ ಕಟ್ಟಿದರು. ಕಥೆಗಳಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹುಡುಗಿ ಕರಗುತ್ತಾ ಹೋದಳು, ಅಷ್ಟೇ ಸತ್ಯ.

ಮನೆಯಲ್ಲಿ ಊಟದ ಹೊತ್ತೆಂದರೆ ಯುದ್ಧವಾಯಿತು. ಅಮ್ಮ ಬೇಡಿಕೊಂಡಳು, ಬೈದಳು, ಒಮ್ಮೆ ತುತ್ತು ಮಾಡಿ ಬಲವಂತವಾಗಿ ಬಾಯಿಗೆ ತುರುಕಲು ಹೋಗಿ ಬಳೆ ತಗುಲಿ ಮಗಳ ತುಟಿ ಒಡೆಯಿತು. ಅಪ್ಪ "ಹಸಿವಾದ್ರೆ ತಾನೇ ತಿಂತಾಳೆ ಬಿಡು" ಎಂದು ರಿಪೇರಿಯ ಪಾನಾ ಹಿಡಿದು ಹೊರಗೆ ಹೋಗುತ್ತಿದ್ದ. ತುಟಿ ಒಡೆದ ದಿನದಿಂದ ಮಗಳು ಅಮ್ಮನ ಜೊತೆ ಮಾತು ಬಿಟ್ಟಳು. ಎದುರಿಗೆ ಬಂದರೆ ಗೋಡೆ ನೋಡುವಳು. ಊಟದಕ್ಕ ಇದನ್ನು ತಡೆಯಲಾರದೆ ಹೋದಳು. ಮಗಳು ಉಣ್ಣದಿದ್ದರೂ ಸರಿ, ನನ್ನ ಜೊತೆ ಮಾತಾಡಲಿ ಎನ್ನುವ ಸ್ಥಿತಿಗೆ ಬಂದಳು.

ಆಗ ಅವಳಿಗೆ ಹೊಳೆದದ್ದು ಆ ಒಪ್ಪಂದ. ಬೇರೆ ಯಾವ ಅಮ್ಮನಿಗೂ ಹೊಳೆಯುತ್ತಿರಲಿಲ್ಲ. ಜೀವನವಿಡೀ ಕಿಟಕಿಯಿಂದ ಕೋಶ ಕೊಟ್ಟು, ಈಚೆಯಿಂದ ಬಂದ ಅಂಕಿಯನ್ನು ನಂಬಿ ಬದುಕಿದವಳು ಅವಳು. ಕಣ್ಣಿಗೆ ಕಂಡದ್ದು ಸುಳ್ಳಾಗಬಹುದು, ಅಳತೆ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ಅವಳು ಮಗಳ ಮುಂದೆ ಕೂತು ಹೇಳಿದಳು: ಪ್ರತಿ ತಿಂಗಳು ರಕ್ತ ಪರೀಕ್ಷೆ ಮಾಡಿಸು, ರಿಪೋರ್ಟು ಸರಿ ಇರುವವರೆಗೆ ನಿನ್ನ ತಟ್ಟೆಯ ಸುದ್ದಿಗೆ ಬರುವುದಿಲ್ಲ, ರಿಪೋರ್ಟು ಕೆಟ್ಟ ದಿನ ನಾನು ಬಡಿಸಿದ್ದನ್ನು ಮಾತಾಡದೆ ತಿನ್ನಬೇಕು. ಮಗಳು ಒಪ್ಪಿದಳು. ಕೈ ಕುಲುಕಿದರು. ಆ ಸಂಜೆ ಅಮ್ಮ ಮಗಳು ಒಟ್ಟಿಗೆ ಕೂತು ಟಿ.ವಿ. ನೋಡಿದರಂತೆ.

ಮೊದಲ ರಿಪೋರ್ಟು ಬಂದ ದಿನ ಕಿಟಕಿಯಲ್ಲಿ ಅವಳ ಮುಖ ನೋಡಬೇಕಿತ್ತು.

"ಪ್ರೋಟೀನು ಸರಿ ಇದೆ, ಸಕ್ಕರೆ ಸರಿ ಇದೆ, ಉಪ್ಪು ಸರಿ ಇದೆ. ಎಲ್ಲಾ ಸರಿ ಇದೆ ಕಣೋ," ಎಂದಳು.

"ಹುಡುಗಿ ಕಡ್ಡಿ ಆಗಿದಾಳಲ್ಲ?"

"ಆಗಿದಾಳೆ. ಆದ್ರೆ ಒಳಗೆ ಸರಿ ಇದೆ. ನೀನೇ ಹೇಳು, ಒಳಗಿಂದು ಮುಖ್ಯನೋ ಹೊರಗಿಂದೋ?"

ಒಳಗಿನದೇ ಮುಖ್ಯ. ನನ್ನ ಹೊಟ್ಟೆಪಾಡೇ ಅದು. ತಿಂಗಳು ತಿಂಗಳೂ ರಿಪೋರ್ಟು ಬರುತ್ತಿತ್ತು, ತಿಂಗಳು ತಿಂಗಳೂ ಸರಿ ಇರುತ್ತಿತ್ತು, ತಿಂಗಳು ತಿಂಗಳೂ ಹುಡುಗಿಯ ಕೆನ್ನೆ ಇನ್ನಷ್ಟು ಒಳಗೆ ಹೋಗುತ್ತಿತ್ತು. ಊಟದಕ್ಕ ಮಾತಿಗೆ ತಪ್ಪಲಿಲ್ಲ. ಮಗಳ ತಟ್ಟೆಯ ಸುದ್ದಿಗೆ ಹೋಗಲಿಲ್ಲ.

ಇದೇ ಕಾಲಕ್ಕೆ ನಮ್ಮ ಮೇಡಂ ಹೊಸ ಪ್ರಯೋಗ ಶುರು ಮಾಡಿದರು. ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಕೆಟ್ಟವರಲ್ಲ, ಆದರೆ ಕೆಲಸ ಹಿಡಿದರೆ ಎದುರಿಗೆ ಮನುಷ್ಯರಿದ್ದಾರೆಂಬುದು ಮರೆತುಹೋಗುವ ಜಾತಿ. ಕೋಶಗಳಿಗೆ ಅಮೈನೊ ಆಮ್ಲವಿಲ್ಲದ ಊಟ ಕೊಟ್ಟರೆ ಅವುಗಳ ಒಳಗಿನ ಅಮೈನೊ ಆಮ್ಲದ ಮಟ್ಟ ಏನಾಗುತ್ತದೆ ಎಂಬುದು ಪ್ರಶ್ನೆ. ಅಂದರೆ ಊಟದಕ್ಕನ ಕೈಯಲ್ಲೇ ಉಪವಾಸ ಹಾಕಿಸುವುದು. ಅವಳು ಮುಖ ಸಿಂಡರಿಸಿಕೊಂಡೇ ಮಾಡಿದಳು. ಹಳೆಯ ದ್ರವ ಹೀರಿ ತೆಗೆದು ಇಟ್ಟಿಗೆಯಿಲ್ಲದ ದ್ರವ ಹಾಕುವುದು, ಕಾಯುವುದು, ಮಂಜಿನಷ್ಟು ತಣ್ಣಗಿನ ಉಪ್ಪುನೀರಲ್ಲಿ ಸರಕ್ಕನೆ ತೊಳೆದು, ಕೋಶಗಳನ್ನು ಕೆರೆದು, ಕಿಟಕಿಯಿಂದ ನನಗೆ ಕೊಡುವುದು.

ನಾನು ಅಳೆದೆ. ಮೊದಲು ಮಟ್ಟ ಕುಸಿಯಿತು. ಎಲ್ಲರೂ ನಿರೀಕ್ಷಿಸಿದ್ದೇ. ಆದರೆ ಇನ್ನೂ ಸ್ವಲ್ಪ ಹೊತ್ತು ಉಪವಾಸ ಕೆಡವಿದ ಬಾಟಲಿಗಳಲ್ಲಿ ಮಟ್ಟ ಮತ್ತೆ ಏರಿ, ಹೆಚ್ಚುಕಡಿಮೆ ಉಂಡ ಕೋಶಗಳ ಸಮಕ್ಕೆ ಬಂದು ನಿಂತಿತು. ಹೊರಗಿನಿಂದ ಒಂದು ಇಟ್ಟಿಗೆಯೂ ಹೋಗಿಲ್ಲ, ಒಳಗೆ ಇಟ್ಟಿಗೆಯ ರಾಶಿ ಹಾಗೇ ಇದೆ. ಮತ್ತೆ ಮಾಡಿದೆವು, ಮತ್ತೆ ಅದೇ. ಯಂತ್ರ ಕೆಟ್ಟಿದೆಯೆಂದು ಮೇಡಂ ನನ್ನ ಮೇಲೆ ಹರಿಹಾಯ್ದರು. ಯಂತ್ರ ಸರಿ ಇದೆಯೆಂದು ತೋರಿಸಿದೆ. ಆಗ ಅವರ ಕಣ್ಣು ಕಿಟಕಿಯ ಆಚೆ ಹೋಯಿತು.

"ಪಾಪ ಅಂತ ಒಂದೆರಡು ಹನಿ ಊಟ ಹಾಕಿದ್ರಾ?" ಎಂದು ಮೇಡಂ ಊಟದಕ್ಕನನ್ನು ಕೇಳಿದರು. "ನಿಮ್ಮ ಸ್ವಭಾವ ನಂಗೊತ್ತು. ಬೇಲಿನೇ ಎದ್ದು ಹೊಲ ಮೇಯ್ದ್ರೆ ನಾನು ಯಾರನ್ನ ನಂಬಲಿ?"

"ಇಲ್ಲ ಮೇಡಂ. ಹಾಕಿಲ್ಲ," ಎಂದಳು ಅವಳು. ಕಣ್ಣು ತುಂಬಿತ್ತು. "ಹಾಕಬೇಡಿ ಅಂದ್ರಿ, ಹಾಕಿಲ್ಲ. ಮನೇಲೂ ಹಾಕ್ತಿಲ್ಲ, ಇಲ್ಲೂ ಹಾಕ್ತಿಲ್ಲ."

ಮೇಡಂಗೆ ಆ ಕೊನೆಯ ಮಾತು ಅರ್ಥವಾಗಲಿಲ್ಲ. ನನಗೆ ಆಯಿತು. ನಾನು ಎದ್ದುಹೋಗಿ ಹಾಳು ಕಾಫಿ ಯಂತ್ರಕ್ಕೆ ಒಂದು ಒದೆ ಕೊಟ್ಟೆ.

ಮೇಡಂ ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದರು. ಮುಂದಿನ ಸಲ ಉಪವಾಸದ ಬಾಟಲಿಗಳಲ್ಲಿ ಅರ್ಧಕ್ಕೆ ಒಂದು ಔಷಧಿ ಹಾಕಿಸಿದರು. ಕೋಶವು ತನ್ನದೇ ಒಳಗಿನ ಪ್ರೋಟೀನನ್ನು ಜೀರ್ಣಿಸಿಕೊಳ್ಳುವುದನ್ನು ತಡೆಯುವ ಔಷಧಿ ಅದು. ಆ ಬಾಟಲಿಗಳಲ್ಲಿ ಮಟ್ಟ ಕುಸಿದದ್ದು ಕುಸಿದೇ ಹೋಯಿತು, ಮೇಲೇಳಲಿಲ್ಲ. ನಾನು ಅಂಕಿಗಳನ್ನು ಕೊಟ್ಟ ಕೂಡಲೇ ಮೇಡಂ ಚಪ್ಪಾಳೆ ತಟ್ಟಿ ಊಟದಕ್ಕನ ಕೋಣೆಗೇ ನುಗ್ಗಿದರು, ಹೊರಗಿನ ಚಪ್ಪಲಿಯಲ್ಲೇ.

"ತಪ್ಪಾಯ್ತು ಅಕ್ಕಾ, ನಿಮ್ಮನ್ನ ಅನುಮಾನಿಸಿದೆ," ಎಂದರು. "ಯಾರೂ ಊಟ ಹಾಕಿಲ್ಲ. ತಮ್ಮನ್ನೇ ತಾವು ತಿಂತಿದ್ವು! ಹೊರಗಿಂದ ಬರ್ಲಿಲ್ಲ ಅಂದ್ರೆ ತಮ್ಮ ಗೋಡೆನೇ ಕೆಡವಿ ಇಟ್ಟಿಗೆ ತಗೊಳ್ತವೆ. ಅದಕ್ಕೇ ಅಳತೆ ಸರಿ ಬರ್ತಿತ್ತು. ಮಟ್ಟ ಸರಿ ಇದೆ ಅಂದ್ರೆ ಹೊಟ್ಟೆ ತುಂಬಿದೆ ಅಂತಲ್ಲ. ಕೆಡವೋಕೆ ಇನ್ನೂ ಗೋಡೆ ಉಳಿದಿದೆ ಅಂತ ಅಷ್ಟೇ."

ನಾನು ಕಿಟಕಿಯಲ್ಲಿ ನಿಂತಿದ್ದೆ. ಊಟದಕ್ಕನ ಕೈಯಲ್ಲಿ ಒಂದು ಬಾಟಲಿಯಿತ್ತು. ಅದನ್ನು ಮೆಲ್ಲನೆ ಕೆಳಗಿಟ್ಟಳು.

"ನನ್ನ ಮಗಳ ರಿಪೋರ್ಟೂ ಸರಿ ಬರ್ತಿತ್ತು ಮೇಡಂ," ಎಂದಳು.

ಕೈಗವಸು ಬಿಚ್ಚಿದಳು. ಒಳಗಿನ ಚಪ್ಪಲಿಯಲ್ಲೇ ಹೊರಗೆ ನಡೆದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಅದು ಬುಧವಾರದ ಮಧ್ಯಾಹ್ನ. ಆ ಮನೆಯಲ್ಲಿ ನಡೆದದ್ದನ್ನು ಮುಂದೆ ಅವಳೇ ನನಗೆ ಹೇಳಿದಳು. ಮಗಳು ಅಂದು ರಜೆ ಹಾಕಿ ಮಲಗಿದ್ದಳು, ಬಿಸಿಲಿದ್ದರೂ ಎರಡು ಹೊದಿಕೆ ಹೊದ್ದು. ಅಮ್ಮ ಹೊದಿಕೆ ಸರಿಸಿ ಅವಳ ತೋಳು ಹಿಡಿದು ನೋಡಿದಳು. ದಿನವೂ ಕಾಣುತ್ತಿದ್ದ ತೋಳೇ. ಅಂದು ಮಾತ್ರ ಅದನ್ನು ರಿಪೋರ್ಟಿಲ್ಲದೆ ನೋಡಿದಳು. ಬೈಯಲಿಲ್ಲ, ಬೇಡಲಿಲ್ಲ. ನೆಲದ ಮೇಲೆ ಕುಸಿದು ಬಾಯಿ ಬಿಟ್ಟು ಅತ್ತಳು. ಸಣ್ಣ ಮಕ್ಕಳು ಅಳುವ ಹಾಗೆ ಅತ್ತಳಂತೆ. ಗದರಿಕೆಗೆ ಬಗ್ಗದ, ಬಲವಂತಕ್ಕೆ ಬಗ್ಗದ ಹುಡುಗಿ ಅದನ್ನು ನೋಡಲಾರದೆ ಎದ್ದು ಕೂತಳು.

"ಅಳಬೇಡಮ್ಮ. ತಿಂತೀನಿ. ಏನಾದ್ರೂ ಕೊಡು, ತಿಂತೀನಿ."

ಊಟದಕ್ಕ ಹಾಲು ಕಾಯಿಸಿದಳು. ಸಕ್ಕರೆ ಹಾಕಿದಳು. ಮೊಟ್ಟೆ ಬೇಯಿಸಿದಳು, ಬ್ರೆಡ್ಡಿಗೆ ಬೆಣ್ಣೆ ಸವರಿದಳು, ಬಾಳೆಹಣ್ಣು ಸುಲಿದಳು. ಎಲ್ಲವನ್ನೂ ಬಿಸಿಬಿಸಿಯಾಗಿ ಮುಂದಿಟ್ಟು ತಾನೂ ಎದುರಿಗೇ ಕೂತಳು. ಹುಡುಗಿ ತಿಂದಳು. ತುತ್ತು ತುತ್ತಿಗೂ ಕಣ್ಣಲ್ಲಿ ನೀರು, ಆದರೂ ತಿಂದಳು. ಅಪ್ಪ ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟನಂತೆ, ಪಾನಾ ಕೈಯಲ್ಲೇ ಹಿಡಿದು.

ಮರುದಿನ ಬೆಳಿಗ್ಗೆ ಊಟದಕ್ಕ ಕೆಲಸಕ್ಕೆ ಬಂದಾಗ ನಾನು ಅವಳನ್ನು ಗುರುತಿಸಲೇ ಇಲ್ಲ ಎನ್ನಬೇಕು. ಹತ್ತು ವರ್ಷ ಕಳಚಿಟ್ಟು ಬಂದಿದ್ದಳು.

"ತಿಂದಳು ಕಣೋ ತಕ್ಕಡಿ! ಬೆಳಿಗ್ಗೆನೂ ತಿಂದಳು. ಮಧ್ಯಾಹ್ನಕ್ಕೆ ಮಾಡಿಟ್ಟು, ಮುಚ್ಚಿಡದೆ, ಅವರಪ್ಪನ್ನ ಬಿಸಿ ಮಾಡಿಕೊಡು ಅಂತ ಕೂರಿಸಿ ಬಂದಿದೀನಿ."

"ಹೊಟ್ಟೆ ಒಗ್ಗುತ್ತಾ? ಇಷ್ಟು ದಿನ ಬಿಟ್ಟಿದ್ದವಳು."

"ಯಾಕೆ ಒಗ್ಗಲ್ಲ? ಉಪವಾಸದ ಬಾಟಲಿಗೆ ಪೂರ್ತಿ ಊಟ ಸುರಿದ್ರೆ ಸಂಜೆ ಹೊತ್ತಿಗೆ ಹೇಗೆ ಅರಳ್ತವೆ, ನೋಡಿಲ್ವಾ ನೀನು? ಸುಕ್ಕಿದ್ದೆಲ್ಲ ಮೈ ಬಿಚ್ಚಿ ಹರಡ್ಕೊಳ್ತವೆ. ಹಾಗೇ."

ನೋಡಿದ್ದೆ. ಎಷ್ಟೋ ಸಲ ನೋಡಿದ್ದೆ. ಅದು ನಿಜವೂ ಹೌದು. ಬಾಟಲಿಯ ಕೋಶಗಳನ್ನು ಎಷ್ಟು ಉಪವಾಸ ಕೆಡವಿದರೂ, ಪ್ರಾಣ ಒಂದಿದ್ದರೆ, ಗುಲಾಬಿ ದ್ರವ ತುಂಬಿದ ಕೂಡಲೇ ಎದ್ದು ಕೂರುತ್ತವೆ. ತೊಟ್ಟು ತೊಟ್ಟಾಗಿ ಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ. ಹಳೆಯದನ್ನು ಹೀರು, ಹೊಸದನ್ನು ಪೂರ್ತಿ ಸುರಿ. ಊಟದಕ್ಕ ಅದನ್ನೇ ಕಲಿತವಳು, ಅದನ್ನೇ ಮಾಡಿದಳು. ಮೇಡಂ ಕೂಡ "ಒಳ್ಳೇದಾಯ್ತು ಅಕ್ಕ, ಚೆನ್ನಾಗಿ ತಿನ್ಸಿ" ಎಂದು ತಮ್ಮ ಕಪಾಟಿನಿಂದ ಒಂದು ದೊಡ್ಡ ಡಬ್ಬಿ ಪ್ರೋಟೀನು ಪುಡಿ ಕೊಟ್ಟು ಕಳಿಸಿದರು.

ಶುಕ್ರವಾರ ಅವಳು ಇನ್ನೊಂದು ಸುದ್ದಿ ತಂದಳು. ಹುಡುಗಿಯ ಪಾದ ಮತ್ತು ಕಣಕಾಲು ದುಂಡಗಾಗಿವೆ. ಮುಖವೂ ಸ್ವಲ್ಪ ಉಬ್ಬಿದೆ. "ಮೈ ತುಂಬ್ಕೊಳ್ತಿದೆ ನೋಡು, ಎರಡೇ ದಿನಕ್ಕೆ," ಎಂದು ಎರಡೂ ಕೈಯಿಂದ ತನ್ನ ಕೆನ್ನೆ ಮುಟ್ಟಿಕೊಂಡು ತೋರಿಸಿದಳು. ಸ್ವಲ್ಪ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಉಣ್ಣುವ ಅಭ್ಯಾಸ ತಪ್ಪಿದವರಿಗೆ ಉಂಡರೂ ಆಯಾಸವಂತೆ, ಹಾಗೆಂದು ಅವಳೇ ಸಮಾಧಾನ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ ಹುಡುಗಿ ಹಲ್ಲುಜ್ಜಲು ಹೋಗಿ ಬಚ್ಚಲ ಬಾಗಿಲಲ್ಲಿ ಬಿದ್ದಳು. ಅಪ್ಪ ಎತ್ತಿಕೊಂಡು ಓಡಿದ. ಎತ್ತಿಕೊಳ್ಳಲು ಭಾರವೇ ಇರಲಿಲ್ಲ ಎಂದು ಅವನು ಸ್ಮಶಾನದಲ್ಲಿ ನನ್ನ ಭುಜ ಹಿಡಿದು ಪದೇ ಪದೇ ಹೇಳಿದ.

ಆಸ್ಪತ್ರೆಯಲ್ಲಿ ನಾನೂ ಇದ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಎಷ್ಟು ದಿನದಿಂದ ಊಟ ಬಿಟ್ಟಿದ್ದಳೆಂದು ಕೇಳಿದರು, ಈಚೆಗೆ ಏನು ತಿಂದಳೆಂದು ಕೇಳಿದರು. ಊಟದಕ್ಕ ಒಂದೊಂದನ್ನೂ ಹೇಳಿದಳು, ಹಾಲು, ಸಕ್ಕರೆ, ಮೊಟ್ಟೆ, ಬೆಣ್ಣೆ, ಪುಡಿ. ಹೇಳುವಾಗ ಅವಳ ದನಿಯಲ್ಲಿ ಇನ್ನೂ ಒಂಚೂರು ಹೆಮ್ಮೆಯಿತ್ತು. ಡಾಕ್ಟರ ಮುಖ ಬದಲಾದದ್ದನ್ನು ನಾನು ಮೊದಲು ನೋಡಿದೆ. ಅವರು ತಗ್ಗಿದ ದನಿಯಲ್ಲಿ ವಿವರಿಸಿದರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ, ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಮೈಯ ಕೋಶಗಳೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ. ಊಟದ ಜೊತೆಗೆ ರಕ್ತದಲ್ಲಿರುವ ಲವಣಗಳನ್ನೂ ಒಳಗೆಳೆದುಕೊಳ್ಳುತ್ತವೆ. ರಕ್ತ ಬರಿದಾಗುತ್ತದೆ. ಹೃದಯ ಬಡಿಯಲು ಆ ಲವಣ ಬೇಕು. ಹಾಗಾಗಿ ಇಂಥವರಿಗೆ ಆಸ್ಪತ್ರೆಯಲ್ಲಿಟ್ಟು, ರಕ್ತ ನೋಡುತ್ತ, ಚಮಚ ಚಮಚವಾಗಿ ಊಟ ಹೆಚ್ಚಿಸಬೇಕು. ಕಾಲು ಊದಿದ್ದು ಅದರದೇ ಗುರುತು.

"ನಮ್ಮಲ್ಲಿ ಹಾಗಾಗಲ್ಲ ಡಾಕ್ಟ್ರೇ," ಎಂದಳು ಊಟದಕ್ಕ. ವಾದ ಮಾಡುವವಳ ಹಾಗೆ ಹೇಳಿದಳು. "ಪೂರ್ತಿ ಸುರಿದ್ರೂ ಚೆನ್ನಾಗಿರ್ತವೆ."

ಡಾಕ್ಟರಿಗೆ ಅವಳು ಯಾರ ಮಾತಾಡುತ್ತಿದ್ದಾಳೆಂದು ತಿಳಿಯಲಿಲ್ಲ. ನಮ್ಮ ಬಾಟಲಿಗಳಿಗೆ ಹೃದಯವಿಲ್ಲ, ಅಕ್ಕ. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಲೋಕ ಗೋಳಾಡುತ್ತದೆ. ಬಾಯಿಗೆ ಬಂದ ತುತ್ತಿನಿಂದಲೇ ಹೀಗಾದರೆ ಯಾರನ್ನು ಬೈಯುವುದು? ನಾನು ದೇವರನ್ನು ಬೈದೆ, ಮೇಡಂ ಕೊಟ್ಟ ಡಬ್ಬಿಯನ್ನು ಬೈದೆ, ಎಲ್ಲ ಸರಿ ಇದೆಯೆಂದು ಬರೆದ ರಕ್ತ ಪರೀಕ್ಷೆಯವರನ್ನು ಬೈದೆ. ಅವರ ಅಳತೆ ಸರಿಯಾಗಿಯೇ ಇತ್ತು. ಬೈದು ಸುಸ್ತಾಯಿತು, ಉಳಿದದ್ದು ಬರೀ ಸಂಕಟ. ಅದು ಈಗಲೂ ಇದೆ.

ಊಟದಕ್ಕ ಕೆಲಸಕ್ಕೆ ಮರಳಿದಳು. ಬೇಡವೆಂದರೂ ಕೇಳಲಿಲ್ಲ. ಮೇಡಂ ಹೆದರಿ ಹೆದರಿ ಮಾತಾಡುತ್ತಿದ್ದರು. ಪ್ರಯೋಗದ ಮುಂದಿನ ಭಾಗ ಬಾಕಿಯಿತ್ತು: ಉಪವಾಸವಿದ್ದ ಕೋಶಗಳಿಗೆ ಮತ್ತೆ ಪೂರ್ತಿ ಊಟ ಕೊಟ್ಟು, ಒಳಗಿನ ಮಟ್ಟ ಎಷ್ಟು ಬೇಗ ಏರುತ್ತದೆಂದು ನೋಡುವುದು. ಬೇರೆಯವರಿಂದ ಮಾಡಿಸೋಣ ಎಂದು ನಾನು ಮೇಡಂಗೆ ಹೇಳಿದೆ. ಅವರು ಒಪ್ಪಿದರು. ಆದರೆ ನಾವು ಹೇಳುವಷ್ಟರಲ್ಲಿ ಅವಳು ಕೈಗವಸು ಹಾಕಿ ಗಾಜಿನ ಪರದೆಯ ಮುಂದೆ ಕೂತಾಗಿತ್ತು.

ಕಿಟಕಿಯಿಂದ ನೋಡಿದೆ. ಹಸಿದ ಬಾಟಲಿಯ ಮುಚ್ಚಳ ತೆಗೆದಳು. ಬೆಚ್ಚಗೆ ಮಾಡಿದ ಗುಲಾಬಿ ದ್ರವವನ್ನು ಕೊಳವೆಯಲ್ಲಿ ಎಳೆದುಕೊಂಡಳು. ಮೊದಲಾಗಿದ್ದರೆ ಒಂದೇ ಉಸಿರಿಗೆ ಸುರಿದು ಮುಂದಿನದಕ್ಕೆ ಹೋಗುತ್ತಿದ್ದಳು. ಈಗ ಒಂದು ಹನಿ ಬಿಟ್ಟಳು. ಕಾದಳು. ಬಾಟಲಿಯನ್ನು ಓರೆ ಮಾಡಿ ನೋಡಿದಳು. ಇನ್ನೊಂದು ಹನಿ ಬಿಟ್ಟಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೀಗೇ ಕೂತಳು. ಉಳಿದ ಬಾಟಲಿಗಳು ಸಾಲಿನಲ್ಲಿ ಕಾದು ಕಾದು ಹಾಳಾದವು, ಅಂದಿನ ಪ್ರಯೋಗ ಪೂರ್ತಿ ಕೆಟ್ಟಿತು. ಮೇಡಂ ಬಾಗಿಲವರೆಗೆ ಬಂದು ನೋಡಿ ಹಿಂತಿರುಗಿದರು.

"ಅಕ್ಕ," ಎಂದೆ ಕಿಟಕಿಯಿಂದ. "ಇವಕ್ಕೇನೂ ಆಗಲ್ಲ. ಸುರಿ."

ಅವಳು ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತ ಮಾತಾಡಿದಳು.

"ಶುಕ್ರವಾರ ಸಾಯಂಕಾಲ ನಾನು ಸಾಕು ಅಂತ ಎದ್ದಿದ್ದೆ ಕಣೋ. ಅವಳೇ ತಟ್ಟೆ ಮುಂದೆ ಹಿಡಿದಳು. ಇನ್ನೊಂಚೂರು ಹಾಕಮ್ಮಾ, ಚೆನ್ನಾಗಿದೆ, ಅಂದಳು. ಎಷ್ಟು ವರ್ಷ ಆಗಿತ್ತೋ ಅವಳು ಬಾಯಿಬಿಟ್ಟು ಕೇಳಿ."

ಹನಿಯೊಂದು ಕೊಳವೆಯ ತುದಿಯಲ್ಲೇ ನಿಂತಿತ್ತು.

"ಹಾಕಿದೆ," ಎಂದಳು.